ಎಡಪ್ಪಳ್ಳಿಯ ನೆರೆ ನಕ್ಷೆ ಜಿಯೋಸರ್ವರ್‌ನಲ್ಲಿ: ‘ನೀರಿಲ್ಲ’ ಬೇರೆ, ‘ಗೊತ್ತಿಲ್ಲ’ ಬೇರೆ

ಇದು ಈ ಸಲದ ವಿಡಿಯೋದ ಬರಹ ರೂಪ. ಮಾತಲ್ಲಿ ಬೇಗ ಹೇಳಿ ಮುಗಿಸಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಎಡಪ್ಪಳ್ಳಿ, ಕಾಕ್ಕನಾಡು, ಆಲುವ ಕಡೆ ಬಾಡಿಗೆ ಮನೆ ಹುಡುಕೋ ನಮ್ಮವರು ಮೊದಲು ಕೇಳೋದು ಒಂದೇ ಪ್ರಶ್ನೆ: “2018ರಲ್ಲಿ ಇಲ್ಲಿಗೆ ನೀರು ಬಂದಿತ್ತಾ?” ಆ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಆಲುವ, ಪರವೂರು ಮುಳುಗಿದ್ದವು. ನೆಡುಂಬಾಶೇರಿ ವಿಮಾನ ನಿಲ್ದಾಣ 15ರಿಂದ 29ರವರೆಗೆ ಮುಚ್ಚಿತ್ತು. ಆ ನೆರೆಯನ್ನು ಉಪಗ್ರಹ ಚಿತ್ರದಿಂದ ತೆಗೆದು, ಬ್ರೌಸರ್‌ನಲ್ಲಿ ಯಾರು ಬೇಕಾದ್ರೂ ನೋಡುವ ಹಾಗೆ ಇಡೋದು ಇವತ್ತಿನ ಕೆಲಸ. ಸರ್ವರ್ ಹಾಕೋದು ಅರ್ಧ ದಿನದ ಕೆಲಸ. ಆದರೆ ನಕ್ಷೆ ಸುಳ್ಳು ಹೇಳದ ಹಾಗೆ ನೋಡ್ಕೊಳ್ಳೋದಕ್ಕೆ ತಲೆ ಓಡಿಸಬೇಕು. ಯಾಕಂದ್ರೆ ಅದನ್ನ ನೋಡಿ ಯಾರೋ ಅಡ್ವಾನ್ಸ್ ಕೊಡ್ತಾರೆ, ಅಪ್ಪ ಅಮ್ಮನ್ನ ಕರ್ಕೊಂಡು ಬಂದು ಗ್ರೌಂಡ್ ಫ್ಲೋರ್‌ನಲ್ಲಿ ಇರಿಸ್ತಾರೆ.

ರೇಡಾರ್‌ಗೆ ಏನು ಕಾಣಲ್ಲ

ಮಳೆಗಾಲದಲ್ಲಿ ಮಾಮೂಲಿ ಉಪಗ್ರಹ ಫೋಟೋದಲ್ಲಿ ಬರೀ ಮೋಡ ಇರುತ್ತೆ. ಅದಕ್ಕೇ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-1 ಬೇಕು. ಅದು ರೇಡಾರ್, ಮೋಡ ದಾಟಿ ನೋಡುತ್ತೆ, ರಾತ್ರಿಯೂ ನೋಡುತ್ತೆ. ದತ್ತಾಂಶ ಉಚಿತ, ಪಿಕ್ಸೆಲ್ 10 ಮೀಟರ್. ನೀರಿನ ಸಮತಲ ಮೇಲ್ಮೈ ರೇಡಾರ್ ಅಲೆಯನ್ನ ಆಚೆ ಕಡೆಗೆ ಚಿಮ್ಮಿಸಿಬಿಡುತ್ತೆ, ವಾಪಸ್ ಬರೋದು ಕಡಿಮೆ. ಹಾಗಾಗಿ ನೀರು ಕಪ್ಪಗೆ ಕಾಣುತ್ತೆ. ನೆರೆಗೆ ಮುಂಚಿನ ಚಿತ್ರಕ್ಕೂ ನೆರೆಯ ಚಿತ್ರಕ್ಕೂ ಹೋಲಿಸಿ, ಹೊಸದಾಗಿ ಕಪ್ಪಾದ ಜಾಗವನ್ನ ನೆರೆ ಅಂತ ಗುರುತಿಸ್ತೀವಿ.

ಆದರೆ ನಾಲ್ಕು ಕಡೆ ಈ ಲೆಕ್ಕ ಕೈಕೊಡುತ್ತೆ.

ಒಂದು, ಊರೊಳಗೆ. ಅಲೆ ನೀರಿಗೆ ಬಡಿದು, ಅಲ್ಲಿಂದ ಗೋಡೆಗೆ ಬಡಿದು ಸೀದಾ ಉಪಗ್ರಹಕ್ಕೇ ವಾಪಸ್ ಹೋಗುತ್ತೆ. ಬೀದಿ ತುಂಬ ನೀರಿದ್ರೂ ಚಿತ್ರದಲ್ಲಿ ಬೆಳ್ಳಗೇ ಇರುತ್ತೆ.

ಎರಡು, ತೆಂಗಿನ ತೋಟ. ಸೆಂಟಿನೆಲ್-1ರ ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರ್. ದಟ್ಟ ಗರಿಗಳ ಮೇಲೇ ಅದು ಬಹುಪಾಲು ನಿಂತುಹೋಗುತ್ತೆ, ಬುಡದಲ್ಲಿ ಮೊಣಕಾಲುದ್ದ ನೀರಿದ್ರೂ ಗೊತ್ತಾಗಲ್ಲ.

ಮೂರು, ನುಣುಪಾದ ಟಾರು. ವಿಮಾನ ನಿಲ್ದಾಣದ ರನ್‌ವೇ ಬೇಸಿಗೆಯಲ್ಲೂ ನೀರಿನ ಹಾಗೇ ಕಪ್ಪು. ಹೋಲಿಸಿದರೆ ಬದಲಾವಣೆ ಸೊನ್ನೆ, ಅಂದರೆ ನಿಜಕ್ಕೂ ಮುಳುಗಿದ ದಿನವೂ ‘ಒಣ’.

ನಾಲ್ಕು, ಸಮಯ. ಒಂದು ಉಪಗ್ರಹ ಅದೇ ದಾರಿಗೆ 12 ದಿನಕ್ಕೊಮ್ಮೆ ಬರುತ್ತೆ. ನೀರು ಏರಿದ ದಿನವೇ ಅದು ಮೇಲಿರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಈಗ ಎಡಪ್ಪಳ್ಳಿಯನ್ನ ಯೋಚಿಸಿ. ಒಂದು ಮನೆ, ಪಕ್ಕದಲ್ಲಿ ನಾಲ್ಕು ತೆಂಗು, ಮತ್ತೆ ಮನೆ, ಅಪಾರ್ಟ್‌ಮೆಂಟ್, ಹೆದ್ದಾರಿ, ಮೆಟ್ರೋ ಕಂಬ. ನಡುವೆ ಮುಟ್ಟಾರ್ ಮತ್ತು ಚಿತ್ರಪುಳಗಳನ್ನು ಸೇರಿಸುವ ಎಡಪ್ಪಳ್ಳಿ ತೋಡು, ಅದೂ ಒತ್ತುವರಿಯಿಂದ ಅಲ್ಲಲ್ಲಿ ಕಿರಿದಾಗಿದೆ. ರೇಡಾರ್ ಸೋಲುವ ಎಲ್ಲ ಕಾರಣವೂ ಇಲ್ಲೇ ಇವೆ. ‘ನೀರು ಇದೆ’, ‘ನೀರು ಇಲ್ಲ’ ಅಂತ ಎರಡೇ ಬಣ್ಣದ ನಕ್ಷೆ ಮಾಡಿದ್ರೆ ಇಡೀ ಎಡಪ್ಪಳ್ಳಿ ‘ನೀರು ಇಲ್ಲ’ ಅಂತ ಕೂತ್ಕೊಳ್ಳುತ್ತೆ. ನಮ್ಮ ಕೈಲಿರೋ ಸಾಕ್ಷಿ ಅಷ್ಟು ಹೇಳಲ್ಲ.

ಸಂಖ್ಯೆ ಕೊಡುವಾಗಲೇ ಯೋಚಿಸಿ

ಹಾಗಾಗಿ ಪ್ರತಿ ಪಿಕ್ಸೆಲ್‌ಗೆ ಐದು ಬೆಲೆ ಇಟ್ಟುಕೊಳ್ಳೋಣ:

- 0: ಚಿತ್ರವೇ ಇಲ್ಲ
- 1: ಒಣ
- 2: ಗೊತ್ತಿಲ್ಲ
- 3: ಕಾಯಂ ನೀರು, ಅಂದರೆ ವೇಂಬನಾಡು ಹಿನ್ನೀರು, ಪೆರಿಯಾರ್ ಪಾತ್ರ
- 4: ನೆರೆ

2 ಎಲ್ಲಿ ಹಾಕಬೇಕು ಅಂತ ತಿಳಿಯೋದಕ್ಕೆ ಇಎಸ್‌ಎ ವರ್ಲ್ಡ್‌ಕವರ್ ಅನ್ನೋ 10 ಮೀಟರ್ ಭೂಬಳಕೆ ನಕ್ಷೆ ಇದೆ, 2020 ಮತ್ತು 2021ರದ್ದು. ಅದರಲ್ಲಿ ಕೋಡ್ 50 ಕಟ್ಟಡ ಪ್ರದೇಶ, 10 ಮರಗಳು, 80 ಕಾಯಂ ನೀರು. ನೆರೆ ಅಂತ ಸಿಗದ ಜಾಗದಲ್ಲಿ 50 ಅಥವಾ 10 ಇದ್ದರೆ ನಮ್ಮ ನಕ್ಷೆಯಲ್ಲಿ 2. ನೆರೆಗೆ ಮುಂಚೆಯೂ ಕಪ್ಪಗಿದ್ದು ನೀರಲ್ಲದ ಜಾಗ, ಅಂದರೆ ರನ್‌ವೇ ಥರದ್ದು, ಅದೂ 2.

0 ಅನ್ನು ‘ಒಣ’ಕ್ಕೆ ಯಾಕೆ ಕೊಡಬಾರದು ಅಂದ್ರೆ, ಚಿತ್ರವನ್ನ ಒಂದು ಪ್ರೊಜೆಕ್ಷನ್‌ನಿಂದ ಇನ್ನೊಂದಕ್ಕೆ ತಿರುಗಿಸಿದಾಗ ಅಂಚಿನಲ್ಲಿ ತ್ರಿಕೋನ ಖಾಲಿ ಜಾಗ ಉಳಿಯುತ್ತೆ. ಸಾಫ್ಟ್‌ವೇರ್ ಅದನ್ನ ಸಾಮಾನ್ಯವಾಗಿ 0 ತುಂಬಿಸಿಬಿಡುತ್ತೆ. 0 ಅಂದ್ರೆ ಒಣ ಆಗಿದ್ರೆ ಆ ಮೂಲೆಯ ಊರುಗಳೆಲ್ಲ ಪುಕ್ಕಟೆ ಸೇಫ್. ಬೆಲೆಗಳನ್ನ ಏರಿಕೆ ಕ್ರಮದಲ್ಲಿ ಇಟ್ಟಿದ್ದಕ್ಕೂ ಕಾರಣ ಇದೆ, ಜೂಮ್ ವಿಷಯಕ್ಕೆ ಬಂದಾಗ ಹೇಳ್ತೀನಿ.

ಫೈಲ್ ಸಿದ್ಧ ಮಾಡೋದು

ಪ್ರೊಜೆಕ್ಷನ್: ಕೊಚ್ಚಿ, ತಿರುವನಂತಪುರ, ಕಾಸರಗೋಡು, ಬೆಂಗಳೂರು ಎಲ್ಲವೂ ಯುಟಿಎಂ 43 ಉತ್ತರ ವಲಯ, ಇಪಿಎಸ್‌ಜಿ 32643. ರೇಖಾಂಶ 78 ದಾಟಿದ್ರೆ ವಲಯ 44. ಊರಲ್ಲಿ ಇದೇ ಪ್ರಯೋಗ ಮಾಡೋರು ಗಮನಿಸಿ, ಕೋಲಾರ ಪಟ್ಟಣ ಆ ಗೆರೆಯ ಆಚೆಗಿದೆ.

ಗಾತ್ರ: 60 ಕಿಲೋಮೀಟರ್ ಚೌಕ ತಗೊಂಡ್ರೆ 6000ಕ್ಕೆ 6000, ಅಂದರೆ 3.6 ಕೋಟಿ ಪಿಕ್ಸೆಲ್. ದಶಮಾಂಶ ಬೆಲೆಯಾಗಿ ಇಟ್ಟರೆ 144 ಎಂಬಿ. ನಮಗೆ ಬೇಕಿರೋದು 0ರಿಂದ 4, ಒಂದು ಬೈಟ್ ಸಾಕು: 36 ಎಂಬಿ, ಕಂಪ್ರೆಸ್ ಮಾಡಿದ್ರೆ ಇನ್ನೂ ಕಡಿಮೆ.

ಒಳಜೋಡಣೆ: ಮಾಮೂಲಿ ಜಿಯೋಟಿಫ್‌ನಲ್ಲಿ ಪಿಕ್ಸೆಲ್‌ಗಳು ಸಾಲು ಸಾಲಾಗಿ ಇರುತ್ತವೆ. ಬಳಕೆದಾರ ಎಡಪ್ಪಳ್ಳಿ ಜಂಕ್ಷನ್ ಸುತ್ತ ಒಂದು ತುಂಡು ಕೇಳಿದ್ರೂ ಸರ್ವರ್ ಪೂರ್ತಿ ಅಗಲದ ಸಾಲುಗಳನ್ನ ಬಿಚ್ಚಬೇಕು. ಚೌಕ ಚೌಕ ಟೈಲ್‌ಗಳಾಗಿ ಇಟ್ಟರೆ ಬೇಕಾದ ಚೌಕ ಮಾತ್ರ ಓದುತ್ತೆ. ಜೊತೆಗೆ ಅರ್ಧ, ಕಾಲು ಗಾತ್ರದ ಪ್ರತಿಗಳು, ಅಂದರೆ ಓವರ್‌ವ್ಯೂಗಳು ಇದ್ದರೆ ಇಡೀ ಜಿಲ್ಲೆ ತೋರಿಸುವಾಗ ದೊಡ್ಡ ಫೈಲನ್ನ ಮುಟ್ಟೋದೇ ಬೇಡ. ಇವೆಲ್ಲ ಸೇರಿಸಿದ್ರೂ ಫೈಲ್ ಸುಮಾರು ಮೂರನೇ ಒಂದು ಭಾಗ ಮಾತ್ರ ಹೆಚ್ಚುತ್ತೆ. ಜಿಡಾಲ್ ಟೂಲ್‌ನಲ್ಲಿ ಕಾಗ್, ಅಂದರೆ ಕ್ಲೌಡ್ ಆಪ್ಟಿಮೈಸ್ಡ್ ಜಿಯೋಟಿಫ್, ಅಂತ ಔಟ್‌ಪುಟ್ ಆರಿಸಿದ್ರೆ ಎರಡೂ ಒಟ್ಟಿಗೆ ಆಗುತ್ತೆ.

ಆದರೆ ಹುಷಾರು. ಬಣ್ಣದ ಪಟ್ಟಿ ಇಲ್ಲದ ಫೈಲ್‌ಗೆ ಕಾಗ್ ಓವರ್‌ವ್ಯೂ ಮಾಡುವಾಗ ಡಿಫಾಲ್ಟ್ ಆಗಿ ಕ್ಯೂಬಿಕ್ ವಿಧಾನ ಬಳಸುತ್ತೆ. ಫೋಟೋಗೆ ಅದು ಚೆನ್ನ. ನಮ್ಮ 1ರ ಪಕ್ಕದ 4ನ್ನ ಬೆರೆಸಿ ಅದು 2 ಅಥವಾ 3 ಹುಟ್ಟಿಸುತ್ತೆ, ಅಂದ್ರೆ ಒಣ ನೆಲಕ್ಕೂ ನೆರೆಗೂ ಮಧ್ಯೆ ಇಲ್ಲದ ಕೆರೆಯೊಂದು ಏಳುತ್ತೆ. ರೀಸ್ಯಾಂಪ್ಲಿಂಗ್ ‘ನಿಯರೆಸ್ಟ್’ ಅಂತ ಬಾಯಿಬಿಟ್ಟು ಹೇಳಬೇಕು.

ನಿಯರೆಸ್ಟ್‌ಗೂ ಒಂದು ಕೊರತೆ ಇದೆ. ದೂರ ಜೂಮ್ ಮಾಡಿದಂತೆ ತೋಡಿನ ಪಕ್ಕದ ಕಿರಿದಾದ ನೆರೆಪಟ್ಟಿ ಅದೃಷ್ಟ ಇದ್ದರೆ ಉಳಿಯುತ್ತೆ, ಇಲ್ಲದಿದ್ದರೆ ಮಾಯ. ಇಲ್ಲೇ ಆ ಏರಿಕೆ ಕ್ರಮ ಕೆಲಸಕ್ಕೆ ಬರೋದು. ಜಿಡಾಲ್ ವಾರ್ಪ್‌ನಲ್ಲಿ ‘ಮ್ಯಾಕ್ಸ್’ ವಿಧಾನ ಹಾಕಿ 40 ಮೀಟರ್ ಮತ್ತು 160 ಮೀಟರ್‌ನ ಎರಡು ಬೇರೆ ಫೈಲ್ ಮಾಡ್ಕೊಳ್ಳಿ. ಗುಂಪಿನಲ್ಲಿ ಒಂದೇ ಒಂದು ಪಿಕ್ಸೆಲ್ ನೆರೆ ಇದ್ದರೂ 4 ಗೆಲ್ಲುತ್ತೆ. ಒಣಕ್ಕೂ ಗೊತ್ತಿಲ್ಲಕ್ಕೂ ಜಗಳ ಬಂದ್ರೆ ಗೊತ್ತಿಲ್ಲ ಗೆಲ್ಲುತ್ತೆ. ದೂರದಿಂದ ನೆರೆ ಸ್ವಲ್ಪ ದಪ್ಪಗೆ ಕಾಣುತ್ತೆ, ಹತ್ತಿರ ಹೋದರೆ ಸರಿಯಾಗುತ್ತೆ. ತಪ್ಪಾಗುವುದಿದ್ದರೆ ಈ ಕಡೆಗೇ ಆಗಲಿ.

ಜಿಯೋಸರ್ವರ್ ಒಳಗೆ

ವರ್ಕ್‌ಸ್ಪೇಸ್ ಮಾಡಿ, ಸ್ಟೋರ್‌ನಲ್ಲಿ ಜಿಯೋಟಿಫ್ ಆರಿಸಿ, ಫೈಲ್ ದಾರಿ ಕೊಟ್ಟು ಪಬ್ಲಿಶ್ ಒತ್ತಿ. ಇಪಿಎಸ್‌ಜಿ ಸಂಖ್ಯೆ ಸರಿ ಇದೆಯಾ ನೋಡಿ, ಬೌಂಡಿಂಗ್ ಬಾಕ್ಸನ್ನ ಡೇಟಾದಿಂದಲೇ ಲೆಕ್ಕ ಹಾಕಿಸಿ. ಇಂಟರ್‌ಪೊಲೇಶನ್ ಇಲ್ಲೂ ನಿಯರೆಸ್ಟ್ ಇರಲಿ. ಮೂರು ಫೈಲ್‌ಗೂ ಹೀಗೇ ಮಾಡಿ ಒಂದು ಲೇಯರ್ ಗ್ರೂಪ್ ಕಟ್ಟಿ. ಸ್ಟೈಲ್‌ನಲ್ಲಿ ಸ್ಕೇಲ್ ಮಿತಿ ಹಾಕಿ: ಒಂದು ಲಕ್ಷದವರೆಗೆ 10 ಮೀಟರ್ ಫೈಲ್, ನಾಲ್ಕು ಲಕ್ಷದವರೆಗೆ 40, ಅದರಾಚೆ 160. ಡಬ್ಲ್ಯುಎಂಎಸ್ ಲೆಕ್ಕದಲ್ಲಿ ಪರದೆಯ ಪಿಕ್ಸೆಲ್ 0.28 ಮಿಲಿಮೀಟರ್, ಅಂದರೆ ಲಕ್ಷದ ಸ್ಕೇಲಿಗೆ ಒಂದು ಪಿಕ್ಸೆಲ್ 28 ಮೀಟರ್ ನೆಲ.

ಸ್ಟೈಲ್‌ನಲ್ಲಿ ಕಲರ್ ಮ್ಯಾಪ್ ಬಗೆ ‘ವ್ಯಾಲ್ಯೂಸ್’ ಆಗಿರಲಿ. ‘ರ‍್ಯಾಂಪ್’ ಬೇಡ, ಅದು ಬಣ್ಣ ಬೆರೆಸುತ್ತೆ. ನೆರೆಗೆ ಗಾಢ ನೀಲಿ, ಕಾಯಂ ನೀರಿಗೆ ತಿಳಿ ನೀಲಿ, ಒಣಕ್ಕೆ ತೆಳು ಹಳದಿ. ಗೊತ್ತಿಲ್ಲಕ್ಕೆ ಎದ್ದು ಕಾಣುವ ಬೂದು; ಅದನ್ನ ಪಾರದರ್ಶಕ ಮಾಡಬೇಡಿ, ಮಾಡಿದ್ರೆ ಕೆಳಗಿನ ಬೀದಿ ನಕ್ಷೆ ಚೆಂದಾಗಿ ಕಂಡು ‘ಓ, ಇಲ್ಲೇನೂ ಇಲ್ಲ’ ಅಂತ ಓದುವವರು ಮುಂದೆ ಹೋಗ್ತಾರೆ. 0 ಮಾತ್ರ ಪಾರದರ್ಶಕ. ಪ್ರತಿ ಬೆಲೆಗೂ ಲೇಬಲ್ ಬರೀರಿ, ಲೆಜೆಂಡ್ ಚಿತ್ರ ಅದರಿಂದಲೇ ತಯಾರಾಗುತ್ತೆ. ಬೂದು ಬಣ್ಣದ ಲೇಬಲ್ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ.

ಖಾಲಿ ಚಿತ್ರ ಬಂದರೆ

ಬ್ರೌಸರ್‌ನಲ್ಲಿ ಕರೆದಾಗ ಎರರ್ ಇಲ್ಲ, ಆದರೆ ಬಿಳಿ ಚಿತ್ರ. ಇದು ಎಲ್ಲರಿಗೂ ಆಗೋದು. ಡಬ್ಲ್ಯುಎಂಎಸ್ 1.1.1ರಲ್ಲಿ ರೇಖಾಂಶ ಮೊದಲು: 76.25, 9.97, 76.36, 10.07. ಆವೃತ್ತಿ 1.3.0ರಲ್ಲಿ ಇಪಿಎಸ್‌ಜಿ 4326ಕ್ಕೆ ಅಕ್ಷಾಂಶ ಮೊದಲು: 9.97, 76.25, 10.07, 76.36. ಹಳೇ ಕ್ರಮವನ್ನೇ ಹೊಸ ಆವೃತ್ತಿಗೆ ಕಳಿಸಿದ್ರೆ ನೀವು ಕೇಳ್ತಿರೋದು ಉತ್ತರ ಅಕ್ಷಾಂಶ 76, ಅಂದರೆ ಸ್ವಾಲ್‌ಬಾರ್ಡ್ ದ್ವೀಪಗಳ ನೈಋತ್ಯದ ಸಮುದ್ರ. ಅಲ್ಲಿ ನಮ್ಮ ಡೇಟಾ ಇಲ್ಲ, ಸರ್ವರ್ ಮರ್ಯಾದೆಯಿಂದ ಖಾಲಿ ಹಾಳೆ ಕೊಡುತ್ತೆ.

ಇನ್ನೊಂದು, ಕ್ಯಾಶ್. ಜಿಯೋಸರ್ವರ್ ಜೊತೆಗೇ ಬರುವ ಜಿಯೋವೆಬ್‌ಕ್ಯಾಶ್ ಟೈಲ್‌ಗಳನ್ನ ಉಳಿಸಿಟ್ಟುಕೊಳ್ಳುತ್ತೆ, ವೇಗ ಬರೋದು ಅದರಿಂದಲೇ. ಫೈಲ್ ತಿದ್ದಿದ ಮೇಲೆ ಕ್ಯಾಶ್ ಖಾಲಿ ಮಾಡದಿದ್ರೆ ಜನಕ್ಕೆ ಹಳೇ ನಕ್ಷೆಯೇ ಹೋಗ್ತಿರುತ್ತೆ. ನೆರೆ ನಕ್ಷೆಗೆ ಇದು ಸಣ್ಣ ವಿಷಯ ಅಲ್ಲ. ಉಪಗ್ರಹ ಹಾದುಹೋದ ದಿನಾಂಕವನ್ನ ಲೇಯರ್ ಹೆಸರಿನಲ್ಲೇ ಸೇರಿಸಿ.

ಕೊನೆಗೆ ಕಾಣೋದು

ಎಲ್ಲ ಸರಿಯಾಗಿ ಮಾಡಿದ ಮೇಲೆ ನಕ್ಷೆ ತೆರೆದ್ರೆ ಪರವೂರು ಕಡೆಯ ಬಯಲು, ಗದ್ದೆಗಳಲ್ಲಿ ನೀಲಿಗೆ ಅರ್ಥ ಇರುತ್ತೆ. ಎಡಪ್ಪಳ್ಳಿ ಬಹುಪಾಲು ಬೂದು. ನೋಡೋಕೆ ಬೇಜಾರು, ಡೆಮೋಗೆ ಲಾಯಕ್ಕಿಲ್ಲ ಅನ್ನಿಸಬಹುದು. ಆದರೂ ಹಾಗೇ ಪಬ್ಲಿಶ್ ಮಾಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ಬೀದಿಗಳಲ್ಲಿ ನಿಂತ ನೀರನ್ನ ಹುಡುಕಿದ್ರೂ ಇದೇ ತೊಂದರೆ ಬರುತ್ತೆ.

ಬೂದು ಕಂಡಲ್ಲಿ ಏನು ಮಾಡಬೇಕು ಅನ್ನೋದನ್ನ ಲೆಜೆಂಡ್ ಪಕ್ಕದಲ್ಲೇ ಒಂದು ಸಾಲು ಬರೆದುಬಿಡಿ: “ಇಲ್ಲಿ ಉಪಗ್ರಹಕ್ಕೆ ಕಾಣುವುದಿಲ್ಲ, ಪಕ್ಕದ ಮನೆಯವರನ್ನು ಕೇಳಿ.” 2018ರಲ್ಲಿ ಅಲ್ಲೇ ಇದ್ದ ಚೇಟ್ಟನ ಹತ್ತಿರ ಕೇಳಿದ್ರೆ ನೀರು ಎಷ್ಟನೇ ಮೆಟ್ಟಿಲವರೆಗೆ ಬಂದಿತ್ತು ಅಂತ ಕೈ ಇಟ್ಟು ತೋರಿಸ್ತಾರೆ. ಆ ಗುರುತುಗಳನ್ನೇ ಬಿಂದುಗಳಾಗಿ ಸೇರಿಸಿ ಇದೇ ನಕ್ಷೆಯ ಮೇಲೆ ಹಾಕೋದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ನೋಡೋಣ. ಸಿಗೋಣ.