ಸೈಪ್ರಸ್ ದ್ವೀಪದ ಇತ್ಯರ್ಥ: ನಾಲ್ಕು ದಾರಿಗಳು

ಮಳವಳ್ಳಿಗೆ ದಕ್ಷಿಣದಲ್ಲಿ, ಶಿವನಸಮುದ್ರದ ಬಳಿ, ಕಾವೇರಿಯು ಎರಡು ಕವಲಾಗಿ ನಡುಗಡ್ಡೆಯೊಂದನ್ನು ಬಳಸಿ, ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕಿ, ಮುಂದೆ ಮತ್ತೆ ಒಂದಾಗುವುದು ನಮ್ಮ ಶ್ರೋತೃಗಳಿಗೆಲ್ಲ ತಿಳಿದ ಸಂಗತಿಯೇ. 1956ರ ನವೆಂಬರ್ 1ನೆಯ ತಾರೀಖಿನವರೆಗೆ ಹೊಳೆಯ ಈಚೆಯ ಮಳವಳ್ಳಿ ಮೈಸೂರಿಗೂ ಆಚೆಯ ಕೊಳ್ಳೇಗಾಲ ಮದರಾಸಿಗೂ ಸೇರಿದ್ದುವು. ರಾಜ್ಯಗಳ ಪುನರ್ವಿಂಗಡಣೆಯ ಕಾಲದಲ್ಲಿ ಆ ಗಡಿ ಅಳಿಸಿಹೋಯಿತು; ಏಕೆಂದರೆ ಎರಡು ದಡಗಳಲ್ಲಿಯೂ ಕನ್ನಡಿಗರೇ ಹೆಚ್ಚು. ಆದರೆ ಒಂದೇ ನೆಲದ ಮೇಲೆ ಎರಡು ಜನಾಂಗಗಳು, ಬೇರೆ ಬೇರೆ ಭಾಷೆ, ಬೇರೆ ಬೇರೆ ಮತಗಳೊಡನೆ ಬೆರೆತು ನೆಲಸಿದ್ದು, ಆಮೇಲೆ ಒಂದನ್ನೊಂದು ನಂಬದೆ ಹೋದರೆ, ಅಲ್ಲಿ ಎಳೆಯತಕ್ಕ ಗೆರೆ ಯಾವುದು, ಅಳಿಸತಕ್ಕ ಗೆರೆ ಯಾವುದು? ಈ ಪ್ರಶ್ನೆಗೆ ಸೈಪ್ರಸ್ ದ್ವೀಪವು ಅರುವತ್ತು ವರ್ಷಗಳಿಗೂ ಮೀರಿ ಉತ್ತರವನ್ನು ಹುಡುಕುತ್ತಿದೆ.

ಸೈಪ್ರಸ್ ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗದಲ್ಲಿದೆ. ಅದರ ವಿಸ್ತೀರ್ಣ 9,251 ಚದರ ಕಿಲೋಮೀಟರು, ಎಂದರೆ ನಮ್ಮ ಮಂಡ್ಯ ಜಿಲ್ಲೆಯ ಎರಡರಷ್ಟಕ್ಕೆ ತುಸು ಕಡಿಮೆ. ಇಷ್ಟು ದೂರದ ನಾಡು ನಮಗೆ ತೀರ ಹೊರಗಿನದೂ ಅಲ್ಲ. ಕಾವೇರಿ ಹುಟ್ಟುವ ಕೊಡಗಿನಲ್ಲಿಯೇ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು 1964ರಲ್ಲಿ ಅಲ್ಲಿನ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕತ್ವವನ್ನು ವಹಿಸಿ, 1965ರ ಡಿಸೆಂಬರಿನಲ್ಲಿ ಆ ದ್ವೀಪದಲ್ಲಿಯೇ, ಕರ್ತವ್ಯದಲ್ಲಿರುವಾಗಲೇ ಮರಣಹೊಂದಿದರು. ಅವರ ಸ್ಮರಣೆಗಾಗಿ ಸೈಪ್ರಸ್ ಸರ್ಕಾರವು ಅಂಚೆಚೀಟಿಯನ್ನು ಹೊರಡಿಸಿತು. ಅವರು ಕಾದ ಶಾಂತಿಪಡೆ ಇಂದಿಗೂ ಅಲ್ಲಿಂದ ಹಿಂದಿರುಗಿಲ್ಲ. ಶಾಂತಿಯನ್ನು ಕಾಯುವುದು ಬೇರೆ, ವ್ಯಾಜ್ಯವನ್ನು ತೀರಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ವ್ಯಾಜ್ಯದ ಮೂಲವನ್ನು ಮೊದಲು ಅರಿಯತಕ್ಕದ್ದು. ದ್ವೀಪದ ಜನರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಗ್ರೀಕ್ ನುಡಿಯ ಕ್ರೈಸ್ತರು. ಐದರಲ್ಲಿ ಒಂದು ಪಾಲಿಗೆ ತುಸು ಕಡಿಮೆ ತುರ್ಕಿ ನುಡಿಯ ಮುಸಲ್ಮಾನರು. 1960ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಬಂದಾಗ ರಚಿತವಾದ ಸಂವಿಧಾನವು ಅಧಿಕಾರವನ್ನು ಅಳೆದು ಹಂಚಿತು: ಅಧ್ಯಕ್ಷನು ಗ್ರೀಕನು, ಉಪಾಧ್ಯಕ್ಷನು ತುರ್ಕನು, ಮಂತ್ರಿಗಳಲ್ಲಿ ಏಳಕ್ಕೆ ಮೂರು, ಶಾಸನಸಭೆಯಲ್ಲಿ 35ಕ್ಕೆ 15. ತೆರಿಗೆಯ ಶಾಸನಗಳಿಗೆ ಎರಡು ಪಕ್ಷಗಳ ಬಹುಮತವೂ ಪ್ರತ್ಯೇಕವಾಗಿ ಬೇಕಾಗಿದ್ದಿತು. ಹಂಚಿಕೆಯೇನೋ ಸೂಕ್ಷ್ಮವಾಗಿದ್ದಿತು, ಆದರೆ ಪಾಲುದಾರರಲ್ಲಿ ಅನೇಕರಿಗೆ ಆ ಮನೆಯೇ ಬೇಕಾಗಿರಲಿಲ್ಲ. ಗ್ರೀಕರಲ್ಲಿ ಬಹುಮಂದಿ ಗ್ರೀಸ್ ದೇಶದೊಡನೆ ಐಕ್ಯವನ್ನು ಬಯಸಿದರು. ತುರ್ಕರಲ್ಲಿ ಬಹುಮಂದಿ ವಿಭಜನೆಯನ್ನು ಬಯಸಿದರು. 1963ರ ಡಿಸೆಂಬರಿನಲ್ಲಿ ರಕ್ತಪಾತವಾಯಿತು. ರಾಜಧಾನಿಯಾದ ನಿಕೋಸಿಯಾದ ನಕ್ಷೆಯ ಮೇಲೆ ಬ್ರಿಟಿಷ್ ಸೇನಾಧಿಕಾರಿಯೊಬ್ಬನು ಹಸುರು ಪೆನ್ಸಿಲಿನಿಂದ ಎಳೆದ ಗೆರೆಯೇ ‘ಹಸುರು ಗೆರೆ’ ಎಂದು ಪ್ರಸಿದ್ಧವಾಯಿತು.

1974ರ ಜುಲೈನಲ್ಲಿ, ಗ್ರೀಸಿನ ಸೇನಾಡಳಿತದ ಪ್ರೇರಣೆಯಿಂದ ಸೈಪ್ರಸ್ಸಿನ ಅಧ್ಯಕ್ಷ ಮಕಾರಿಯೋಸರನ್ನು ಪದಚ್ಯುತಗೊಳಿಸುವ ಕ್ರಾಂತಿ ನಡೆಯಿತು. ಐದು ದಿನಗಳೊಳಗೆ ತುರ್ಕಿಯ ಸೈನ್ಯವು ಬಂದಿಳಿದು, ಆಗಸ್ಟ್ ಮುಗಿಯುವುದರೊಳಗೆ ದ್ವೀಪದ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ನೆಲವನ್ನು ಹಿಡಿಯಿತು. ಒಂದೂವರೆ ಲಕ್ಷಕ್ಕೂ ಮೀರಿದ ಗ್ರೀಕರು ದಕ್ಷಿಣಕ್ಕೂ, ಹತ್ತಾರು ಸಾವಿರ ತುರ್ಕರು ಉತ್ತರಕ್ಕೂ ಮನೆಮಠಗಳನ್ನು ಬಿಟ್ಟು ಹೋದರು. 1983ರಲ್ಲಿ ಉತ್ತರಭಾಗವು ತಾನೊಂದು ಪ್ರತ್ಯೇಕ ರಾಷ್ಟ್ರವೆಂದು ಸಾರಿಕೊಂಡಿತು. ತುರ್ಕಿಯ ವಿನಾ ಬೇರಾವ ದೇಶವೂ ಅದನ್ನು ಮಾನ್ಯಮಾಡಲಿಲ್ಲ.

ಈಗ ಮುಂದಿರುವ ದಾರಿಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು, ಇದ್ದದ್ದು ಇದ್ದಂತೆಯೇ ಇರಲೆಂಬುದು. ರಕ್ತಪಾತವಿಲ್ಲವೆಂಬುದು ಇದರ ಗುಣ. ಆದರೆ ಮನೆ ಕಳೆದುಕೊಂಡವನ ಹಕ್ಕು ವರ್ಷ ಕಳೆದಂತೆ ತೊಡಕಾಗುತ್ತದೆ. ಆ ಮನೆಯಲ್ಲಿ ಬೇರೊಬ್ಬನ ಮಕ್ಕಳು ಹುಟ್ಟಿ ಬೆಳೆಯುತ್ತಾರೆ. ಕಾಲವು ಇಲ್ಲಿ ಔಷಧವಲ್ಲ, ಸಾಲದ ಬಡ್ಡಿ.

ಎರಡನೆಯದು, ಬಹುಮತದವರು ಆಳುವ ಅಖಂಡ ರಾಜ್ಯ. ಎಣಿಕೆಯ ನ್ಯಾಯಕ್ಕೆ ಇದು ಒಪ್ಪುತ್ತದೆ. ಆದರೆ ಎಂದೆಂದಿಗೂ ಬಹುಮತವಾಗಲಾರದ ಜನಕ್ಕೆ ಚುನಾವಣೆಯೆಂಬುದು ಪ್ರತಿ ಸಲವೂ ಸೋಲೇ ಆಗುವುದರಿಂದ ಅವರು ಇದನ್ನು ಒಪ್ಪರು.

ಮೂರನೆಯದು, ಎರಡು ರಾಷ್ಟ್ರಗಳು. ಇದು ನಡೆದುಹೋದುದಕ್ಕೆ ಮುದ್ರೆಯೊತ್ತುತ್ತದೆ. ಸೈನ್ಯಬಲದಿಂದ ಹಿಡಿದ ನೆಲವನ್ನು ಮಾನ್ಯಮಾಡಿದಂತಾಗುವುದೆಂದು ದಕ್ಷಿಣದವರು ಇದನ್ನು ನಿರಾಕರಿಸುತ್ತಾರೆ. ತಮ್ಮ ಗಡಿಗಳ ಚಿಂತೆಯುಳ್ಳ ಇತರ ದೇಶಗಳೂ ಹಿಂಜರಿಯುತ್ತವೆ.

ನಾಲ್ಕನೆಯದು, ಎರಡು ಪ್ರಾಂತಗಳ ಸಂಯುಕ್ತ ರಾಜ್ಯ. 1977ರಲ್ಲಿ ಮಕಾರಿಯೋಸರೂ ತುರ್ಕ ನಾಯಕ ದೆಂಕ್ತಾಶರೂ ಇದನ್ನು ತತ್ತ್ವತಃ ಒಪ್ಪಿದರು. 2004ರ ಏಪ್ರಿಲ್ 24ರಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನರ ಯೋಜನೆಯು ಜನಮತಕ್ಕೆ ಬಂದಾಗ, ತುರ್ಕರಲ್ಲಿ ನೂರಕ್ಕೆ 65 ಮಂದಿ ಒಪ್ಪಿದರು. ಗ್ರೀಕರಲ್ಲಿ ನೂರಕ್ಕೆ 76 ಮಂದಿ ನಿರಾಕರಿಸಿದರು. ಆದರೂ ಒಂದೇ ವಾರದೊಳಗೆ ಸೈಪ್ರಸ್ ಐರೋಪ್ಯ ಒಕ್ಕೂಟವನ್ನು ಸೇರಿತು. ಒಪ್ಪದಿದ್ದರೂ ದೊರೆಯುವುದು ನಿಶ್ಚಯವಾಗಿದ್ದಾಗ ಬಿಟ್ಟುಕೊಡುವವರು ಯಾರು? 2017ರಲ್ಲಿ ಸ್ವಿಟ್ಜರ್ಲೆಂಡಿನ ಸಂಧಾನವು ಮುಖ್ಯವಾಗಿ ತುರ್ಕಿಯ ಸೈನ್ಯ ಮತ್ತು ಹೊರದೇಶಗಳ ರಕ್ಷಣಾಧಿಕಾರದ ಪ್ರಶ್ನೆಯಲ್ಲಿ ಮುರಿಯಿತು. 2025ರ ಅಕ್ಟೋಬರಿನಲ್ಲಿ ಉತ್ತರದ ಮತದಾರರು ಸಂಯುಕ್ತ ರಾಜ್ಯದ ಪಕ್ಷಪಾತಿಯಾದ ತೂಫಾನ್ ಎರ್ಹುರ್ಮನ್ ಅವರನ್ನು ಆರಿಸಿದುದರಿಂದ ಈ ದಾರಿ ಇನ್ನೂ ಮುಚ್ಚಿಲ್ಲವೆನ್ನಬಹುದು.

ಪಾಲಿನ ಕಷ್ಟವನ್ನು ಮಂಡ್ಯ ಮದ್ದೂರುಗಳ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಕಾವೇರಿಯ ನೀರಿಗೆ 1892ರಲ್ಲಿ ಒಂದು ಒಪ್ಪಂದ, 1924ರಲ್ಲಿ ಇನ್ನೊಂದು, 1990ರಲ್ಲಿ ನ್ಯಾಯಮಂಡಲಿ, 2007ರಲ್ಲಿ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ನಿರ್ಣಯ. ಮಳೆ ಚೆನ್ನಾಗಿ ಬಂದ ವರ್ಷ ಅಂಕಿಗಳ ಮೇಲೆ ಜಗಳವಿಲ್ಲ; ಕನ್ನಂಬಾಡಿ ತುಂಬದ ವರ್ಷವೇ ಕಲಹ. ಆದುದರಿಂದ ಹಂಚಿಕೆಯ ಸಾಮರ್ಥ್ಯವಿರುವುದು ಸಮೃದ್ಧಿಯ ಕಾಲದ ಪಾಲನ್ನು ಬರೆಯುವುದರಲ್ಲಲ್ಲ, ಬರಗಾಲದ ಪಾಲನ್ನು ಮೊದಲೇ ಬರೆಯುವುದರಲ್ಲಿ. ರಾಜ್ಯಾಂಗದಲ್ಲಿಯೂ ಹಾಗೆಯೇ. ಇಬ್ಬರೂ ಒಪ್ಪಿದಾಗ ಏನು ನಡೆಯುವುದೆಂಬುದನ್ನು 1960ರ ಸಂವಿಧಾನವು ವಿವರವಾಗಿ ಹೇಳಿತು. ಒಪ್ಪದಿದ್ದಾಗ ಕೆಲಸ ಮುಂದುವರಿಯುವ ಬಗೆಯನ್ನು ಸಮರ್ಪಕವಾಗಿ ಹೇಳಲಿಲ್ಲ.

ಹಾಗಾದರೆ ಆಸೆಗೆ ಎಡೆಯಿಲ್ಲವೆ? ಉಂಟು. 1970ರ ದಶಕದ ಕೊನೆಯಲ್ಲಿ ನಿಕೋಸಿಯಾದ ಎರಡು ಭಾಗಗಳ ನಗರಾಧ್ಯಕ್ಷರು, ಲೆಲ್ಲೋಸ್ ದಿಮಿತ್ರಿಯಾದಿಸ್ ಮತ್ತು ಮುಸ್ತಫಾ ಅಕಿಂಜಿ, ಊರಿನ ಕೊಳಚೆನೀರಿನ ವ್ಯವಸ್ಥೆಯನ್ನು ಒಂದಾಗಿ ನಡೆಸಲು ಒಪ್ಪಿದರು. ಚರಂಡಿಗೆ ಹಸುರು ಗೆರೆಯ ಅರಿವಿಲ್ಲವಷ್ಟೆ! ಮಾನ್ಯತೆಯ ಪ್ರಶ್ನೆ ಹಾಗೆಯೇ ಉಳಿಯಿತು. ಕೆಲಸ ಮಾತ್ರ ನಡೆಯಿತು.

ನಾಲ್ಕು ದಾರಿಗಳಲ್ಲಿ ಸಂಯುಕ್ತ ರಾಜ್ಯವೇ ಎರಡು ಪಕ್ಷಗಳ ಭಯಕ್ಕೂ ಸ್ವಲ್ಪಮಟ್ಟಿಗಾದರೂ ಉತ್ತರ ಕೊಡತಕ್ಕದ್ದೆಂದು ನಮಗೆ ತೋರುತ್ತದೆ. ಆದರೆ ಚಿಕ್ಕವನ ಪಾಲು ದೊಡ್ಡವನ ಕೃಪೆಯಾಗಿರದೆ ಹಕ್ಕಾಗಿರಬೇಕು. ಆ ಹಕ್ಕು ಇಡೀ ಮನೆಗೆ ಬೀಗಹಾಕುವ ಕೀಲಿಕೈಯೂ ಆಗಕೂಡದು. ಈ ಎರಡನ್ನೂ ಒಂದೇ ಕಾಗದದಲ್ಲಿ ಬರೆಯುವ ದಿನ ಬಂದಾಗ, ತಿಮ್ಮಯ್ಯನವರು ಕಾದ ಗೆರೆಯನ್ನು ಕಾಯುವ ಕೆಲಸ ಕೊನೆಗೊಂಡೀತು.