ಎರಡು ಟೋಕನ್ ನಂಬರ್

ಎಂಟು ವರ್ಷ ಏಳು ತಿಂಗಳು ನಾನು ಹೊಲಿದದ್ದು ಕಾಲರ್ ಮಾತ್ರ. ಪೂರ್ತಿ ಶರ್ಟ್ ಒಂದನ್ನೂ ಹೊಲಿದವಳಲ್ಲ. ಸೊಂಟ ಮಾತು ಕೇಳದೆ 2018ರ ಜೂನ್‌ನಲ್ಲಿ ಬೆಂಗಳೂರಿನ ಆ ಗಾರ್ಮೆಂಟ್ಸ್ ಬಿಟ್ಟೆ. ಲೆಕ್ಕ ಚುಕ್ತಾ ಮಾಡಿಸಲು ಹೋದರೆ ಎಚ್‌ಆರ್ ಹುಡುಗ, “ಅಕ್ಕಾ, ಕಂಪನಿ ನಿಮ್ಮನ್ನ ತೆಗೆದಿಲ್ಲ, ನೀವೇ ಬಿಟ್ರಿ. ಗ್ರಾಚ್ಯುಟಿ ಎಲ್ಲಿಂದ ಬರುತ್ತೆ?” ಅಂದ. ಹೌದೇನೋ ಅಂದುಕೊಂಡು ಮನೆಗೆ ಬಂದೆ.

ಸರ್ಕಾರ ಪಿಎಫ್ ದುಡ್ಡಿಗೆ ಕೈ ಹಾಕಿತೆಂದು 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆ ತುಂಬಿದವರು ನಾವು. ಗ್ರಾಚ್ಯುಟಿ ಅಂದರೇನು ಅಂತ ಮಾತ್ರ ನಮ್ಮ ಲೈನಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೇಳಿಕೊಟ್ಟವರು ಯೂನಿಯನ್ನಿನ ಅಕ್ಕ ಒಬ್ಬರು. ನಾವೇ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಬರುತ್ತದೆ; ಐದು ವರ್ಷ ಬಿಡದೆ ದುಡಿದಿರಬೇಕು, ಅಷ್ಟೇ. ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಆ ಐದು ವರ್ಷವೂ ಬೇಕಿಲ್ಲ. ಗ್ಯಾಸ್ ಬಿಲ್ಲಿನ ಹಿಂದೆ ಲೆಕ್ಕ ಬರೆದು ತೋರಿಸಿದರು. ಬೇಸಿಕ್ಕು, ಡಿಎ ಸೇರಿ ನನ್ನ ಕೊನೇ ಸಂಬಳ 9,100. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 350. ವರ್ಷಕ್ಕೆ 15 ದಿನದ ಕೂಲಿ, ಅಂದರೆ 5,250. ಆರು ತಿಂಗಳು ದಾಟಿದ್ದರಿಂದ ನನ್ನದು ಒಂಬತ್ತು ವರ್ಷವೆಂದೇ ಲೆಕ್ಕ. 47,250 ರೂಪಾಯಿ! ಮಗಳಿಂದ ಇನ್ನೊಮ್ಮೆ ಗುಣಿಸಿ ನೋಡಿಸಿದೆ.

ಕಂಪನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಅರ್ಜಿ ಹಾಕಿದೆ. 30 ದಿನದೊಳಗೆ ಕೊಡಬೇಕಿತ್ತು, ಕೊಡಲಿಲ್ಲ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋದೆ. ಈ ಹಣದ ತಕರಾರು ಕೇಳುವವರು ಸಹಾಯಕ ಕಾರ್ಮಿಕ ಆಯುಕ್ತರು. ವಕೀಲರಿಲ್ಲದೆ ನಾನೇ ಅರ್ಜಿ ಕೊಟ್ಟೆ. ಆದರೆ ವಾಯಿದೆಗೆ ವಾಯಿದೆ, ಬಸ್ಸಿಗೆ ಬಸ್ಸು. ಬೇಸರ ಆಗಲಿಲ್ಲ ಅಂದರೆ ಸುಳ್ಳಾದೀತು.

ಕಂಪನಿಯವರ ವಾದ: ಈಕೆ ಸೇರಿದ್ದೇ 2014ರ ಏಪ್ರಿಲ್‌ನಲ್ಲಿ, ಐದು ವರ್ಷ ತುಂಬಿಲ್ಲ. ಆಗ ಅತ್ತೆಯ ಆಪರೇಷನ್ನಿಗೆ ಪಿಎಫ್ ತೆಗೆಯಬೇಕಿತ್ತು. “ರಾಜೀನಾಮೆ ಬರೆದುಕೊಡು, ನಾಳೆ ಅದೇ ಮಿಷನ್ನಿಗೆ ಬಾ” ಅಂದಿದ್ದರು. ಹೊಸ ಟೋಕನ್ ನಂಬರ್ ಕೊಟ್ಟರು. ನಮ್ಮ ಲೈನಿನಲ್ಲೇ ಹನ್ನೊಂದು ಜನ ಹಾಗೆ ಸಹಿ ಹಾಕಿದ್ದೆವು. ನಂಬರಿನ ಜೊತೆ ಹಿಂದಿನ ವರ್ಷಗಳೂ ಹೋಗುತ್ತವೆಂದು ಯಾರಿಗೆ ಹೊಳೆದೀತು?

ಮಗಳ ಸ್ಕಾಲರ್‌ಶಿಪ್ಪಿಗೆ ಆದಾಯ ತೋರಿಸಲು ಬೇಕಾದೀತೆಂದು ಸಂಬಳದ ಚೀಟಿಗಳನ್ನೆಲ್ಲ ಸೀರೆ ಅಂಗಡಿಯ ಕವರಿನಲ್ಲಿ ತುರುಕಿಟ್ಟಿದ್ದೆ. ಸಾಹೇಬರು ಮೇಜಿನ ಮೇಲೆ ಎರಡನ್ನು ಅಕ್ಕಪಕ್ಕ ಇಟ್ಟರು. ಮಾರ್ಚ್‌ನದು ಹಳೇ ನಂಬರ್, ಏಪ್ರಿಲ್‌ನದು ಹೊಸದು. ಎರಡರಲ್ಲೂ ಒಂದು ದಿನದ ಗೈರುಹಾಜರಿಯೂ ಇಲ್ಲ. “ಈಯಮ್ಮ ಬಿಟ್ಟಿದ್ದು ಯಾವತ್ತು, ಸೇರಿದ್ದು ಯಾವತ್ತು?” ಅಂತ ಕೇಳಿದರು. ಕಂಪನಿಯ ಕಡೆಯವರು ಫೈಲು ತಿರುವತೊಡಗಿದರು.

ಶೇಕಡಾ 10ರ ಬಡ್ಡಿ ಹದಿನಾರು ತಿಂಗಳಿಗೆ 6,300 ಸೇರಿ ಚೆಕ್ ಬಂತು.

ನಾನು ಹೋರಾಡಿದ್ದು 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕಾಯಂ ಕೆಲಸದವರಿಗೆ ಐದು ವರ್ಷ ಹಾಗೇ ಇದೆ. ಇಂತಿಷ್ಟು ಅವಧಿಗೆಂದು ಕರಾರು ಮಾಡಿ ಸೇರಿಸಿಕೊಂಡವರಿಗೆ ಒಂದು ವರ್ಷ ಸಾಕು.

ಆ ಹನ್ನೊಂದು ಜನರಲ್ಲಿ ಒಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಅವಳೂ ಕೆಲಸ ಬಿಟ್ಟಿದ್ದಾಳೆ, ಚೀಟಿ ಒಂದೂ ಇಲ್ಲ. “ಇಎಸ್‌ಐ ಕಾರ್ಡ್ ಇದೆಯೇನೇ?” ಅಂದೆ. ಪರ್ಸಿನಿಂದ ತೆಗೆದಳು. ಟೋಕನ್ ಎರಡಾದರೂ ಆ ನಂಬರ್ ಒಂದೇ ಇತ್ತು. ಯಾವ ತಿಂಗಳು ಎಷ್ಟು ಕಟ್ಟಿದ್ದಾರೆಂಬುದು ಅದರಲ್ಲಿ ಸಿಗುತ್ತದೆ. ಪೆನ್ನು ಹುಡುಕಿದೆ.