ಗೊರಕೆಯ ನಡುವಣ ಮೌನ

ಹೊಳಲ್ಕೆರೆ ಕಡೆಯ ನನ್ನ ಆಪ್ತರೊಬ್ಬರು ಅಡಿಕೆ ತೋಟದ ಕಾಯಕಜೀವಿ. ಮದ್ಯ ಮಾಂಸಗಳ ಸೋಂಕಿಲ್ಲದ ಮನೆತನ. ಆದರೂ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಪಿತ್ತಜನಕಾಂಗದಲ್ಲಿ ಕೊಬ್ಬು ಸೇರಿದೆಯೆಂದು ವರದಿ ಬಂದಿತು. 'ಇದು ಕುಡುಕರಿಗೆ ಬರುವ ರೋಗವಲ್ಲವೆ? ಜನ ಏನೆಂದಾರು?' ಎಂದು ಅಂಜಿದ ಮನೆಯವರು ಅದನ್ನು ಬೀರುವಿನಲ್ಲಿ ಅಡಗಿಸಿಟ್ಟರು. ತಿಂಗಳುಗಳ ಬಳಿಕ ವೈದ್ಯರೊಬ್ಬರು ಅವರ ಧರ್ಮಪತ್ನಿಯನ್ನು ಕೇಳಿದರು: 'ಯಜಮಾನರು ರಾತ್ರಿ ಹೇಗೆ ನಿದ್ದೆ ಮಾಡುತ್ತಾರೆ, ತಾಯಿ?' ಆಕೆ ಹೇಳಿದರು: 'ಗೊರಕೆ ಬಹಳ ಜೋರು, ಡಾಕ್ಟರೇ. ನಡುನಡುವೆ ಉಸಿರೇ ನಿಂತುಹೋಗುತ್ತದೆ. ನಾನು ಎದ್ದು ಕುಳಿತು ಮುಖ ನೋಡುತ್ತೇನೆ.'

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ನಮ್ಮ ಮನೆಗಳಲ್ಲಿ ಗೊರಕೆಯನ್ನು ಸುಖನಿದ್ರೆಯ ಗುರುತೆಂದೇ ಬಗೆಯುತ್ತೇವೆ. ಆದರೆ ಏರುತ್ತ ಹೋದ ಗೊರಕೆ ಥಟ್ಟನೆ ನಿಂತು, ಕೆಲ ಕ್ಷಣಗಳ ಮೌನದ ಬಳಿಕ ಬೆಚ್ಚಿಬಿದ್ದಂತೆ ಮತ್ತೆ ತೊಡಗಿದರೆ ಎಚ್ಚರ ವಹಿಸಬೇಕು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುವ ಈ ವ್ಯಾಧಿಗೆ 'ಸ್ಲೀಪ್ ಆಪ್ನಿಯಾ' ಎಂದು ಹೆಸರು. ಕನಿಷ್ಠ 10 ಸೆಕೆಂಡಿನ ತಡೆಗಳನ್ನು ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅವು ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಸಹಜ. 30 ಅಥವಾ ಹೆಚ್ಚಾದರೆ ತೀವ್ರ.

ಪ್ರತಿಯೊಂದು ತಡೆಯಲ್ಲೂ ರಕ್ತದ ಆಮ್ಲಜನಕ ಇಳಿದು ಮತ್ತೆ ಏರುತ್ತದೆ. ಇರುಳೆಲ್ಲ ನಡೆಯುವ ಈ ಏರಿಳಿತವನ್ನು ಶರೀರವು ಆಪತ್ತೆಂದು ತಿಳಿದು, ಕೂಡಿಟ್ಟ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಪಿತ್ತಜನಕಾಂಗ ಅದನ್ನು ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನಾಗಿಸಿ ಒಂದಷ್ಟನ್ನು ತನ್ನಲ್ಲೇ ಉಳಿಸಿಕೊಂಡು, ಉಳಿದುದನ್ನು ರಕ್ತಕ್ಕೆ ಮರಳಿಸುತ್ತದೆ. ರಕ್ತದಿಂದ ಕೊಬ್ಬನ್ನು ತೆಗೆಯುವ ಕ್ರಿಯೆಯೂ ಮಂದವಾಗುತ್ತದೆ. 2005ರಲ್ಲಿ ಅಮೆರಿಕದ ವಿಜ್ಞಾನಿಗಳು ಬೊಜ್ಜಿಲ್ಲದ ಇಲಿಗಳನ್ನು 5 ದಿನ ಇಂಥ ಏರಿಳಿತಕ್ಕೆ ಒಡ್ಡಿದಾಗ ರಕ್ತದ ಕೊಲೆಸ್ಟರಾಲ್, ಟ್ರೈಗ್ಲಿಸರೈಡ್‌ಗಳೂ ಪಿತ್ತಜನಕಾಂಗದ ಕೊಬ್ಬೂ ಹೆಚ್ಚಿದುದು ಕಂಡುಬಂದಿತು. ಮನುಷ್ಯರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆಗಳೂ ಇದರ ಜೊತೆಗೂಡುವುದರಿಂದ ದೋಷವೆಲ್ಲ ಗೊರಕೆಯದೇ ಎನ್ನಲಾಗದು. ಕುಡಿಯದವರಿಗೂ ಈ ರೋಗ ಬರಬಹುದೆಂಬುದಂತೂ ನಿಶ್ಚಿತ.

ಬೆಂಗಳೂರಿನ ನಿಮ್ಹಾನ್ಸ್ ಮುಂತಾದ ಆಸ್ಪತ್ರೆಗಳಲ್ಲಿ ಇರುಳಿಡೀ ನಿದ್ರೆಯನ್ನು ಗಮನಿಸುವ ಪರೀಕ್ಷೆಯಿದೆ. ಮೂಗಿನ ಮೂಲಕ ಗಾಳಿಯ ಒತ್ತಡವಿತ್ತು ಉಸಿರಿನ ದಾರಿಯನ್ನು ತೆರೆದಿಡುವ 'ಸಿಪ್ಯಾಪ್' ಚಿಕಿತ್ಸೆಯನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದರು. ಅದು ಉಸಿರನ್ನು ಕಾಯುತ್ತದೆ; ಹಗಲಿನ ತೂಕಡಿಕೆಯನ್ನು ತಗ್ಗಿಸುತ್ತದೆ. ಆದರೆ ಪಿತ್ತಜನಕಾಂಗದ ಕೊಬ್ಬು ಕರಗಲು ಯಂತ್ರವೊಂದೇ ಸಾಲದು. ಮಿತಾಹಾರ, ನಿತ್ಯದ ನಡಿಗೆ, ತೂಕದ ಇಳಿಕೆ ಬೇಕೇ ಬೇಕು. ಮಗ್ಗುಲಾಗಿ ಮಲಗುವುದು ಹಲವರಿಗೆ ಹಿತಕರ. ವೈದ್ಯರನ್ನು ಕೇಳದೆ ನಿದ್ರೆಗುಳಿಗೆ ನುಂಗಬಾರದು. ಹೆದ್ದಾರಿಯಲ್ಲಿ ವಾಹನ ನಡೆಸುವವರು ಹಗಲು ತೂಕಡಿಕೆಯನ್ನು ಹಗುರವಾಗಿ ಕಾಣಬಾರದು.

ಮಲಗಿದವನಿಗೆ ತನ್ನ ಉಸಿರು ನಿಂತುದು ತಿಳಿಯದು. ಬಳಿಯಲ್ಲಿ ಎಚ್ಚರಿದ್ದವರಿಗಷ್ಟೇ ತಿಳಿಯುತ್ತದೆ. ಆದುದರಿಂದ ತಾಯಂದಿರೇ, ಕಂಡುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿರಿ. ವರದಿಯನ್ನು ಬೀರುವಿನಲ್ಲಿ ಮುಚ್ಚಿಟ್ಟರೆ ಉಳಿಯುವುದು ಮಾನವಲ್ಲ, ರೋಗ.